ಪ್ರಾಸೆಸರ್ ತಂಪಿಗೆ ಗಾಳಿ ಸಾಕೇ, ನೀರು ಬೇಕೇ?

ಪ್ರಶ್ನೆ: ರೈಜನ್ 5 7600 ಹಾಕಿ ಡೆಸ್ಕ್‌ಟಾಪ್ ಜೋಡಿಸುತ್ತಿದ್ದೇನೆ. ಗೇಮ್ಸ್ ಜೊತೆಗೆ ವಿಡಿಯೊ ಎಡಿಟಿಂಗ್ ಕೂಡ ಇದೆ. 240 ಮಿ.ಮೀ. ಲಿಕ್ವಿಡ್ ಕೂಲರ್ ಹಾಕಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಗೊತ್ತಾಗುವಷ್ಟು ಹೆಚ್ಚದು. ಈ ಪ್ರಾಸೆಸರ್‌ನ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಅಂದಾಜು) 65 ವಾಟ್, ಪೂರ್ತಿ ದುಡಿಯುವಾಗಲೂ ಮಿತಿ 88 ವಾಟ್. ನಾಲ್ಕು ಹೀಟ್‌ಪೈಪ್ (ಶಾಖ ಸಾಗಿಸುವ ಲೋಹದ ಕೊಳವೆ), ಒಂದು 120 ಮಿ.ಮೀ. ಫ್ಯಾನ್ ಇರುವ, ಗಾಳಿಯಿಂದಲೇ ತಣಿಸುವ ಎತ್ತರದ ಟವರ್ ಕೂಲರ್‌ಗೆ ಇಷ್ಟು ಶಾಖ ಭಾರವೇ ಅಲ್ಲ. ಡಬ್ಬಿಯಲ್ಲಿ ಬರುವ ಪುಟ್ಟ ಕೂಲರ್‌ನಿಂದಲೂ ಕೆಲಸ ನಡೆಯುತ್ತದೆ. ಎಡಿಟ್ ಮಾಡಿದ ವಿಡಿಯೊ ರೆಂಡರ್ (ಅಂತಿಮ ಫೈಲ್ ತಯಾರಿ) ಆಗುವ ಹೊತ್ತಿನಲ್ಲಿ ಅದರ ಸದ್ದು ಸಹಿಸಬೇಕು, ಅಷ್ಟೆ.

ನೀರು ತಾನಾಗಿ ಏನನ್ನೂ ತಣ್ಣಗೆ ಮಾಡುವುದಿಲ್ಲ. ಶಾಖವನ್ನು ಪ್ರಾಸೆಸರ್‌ನಿಂದ ರೇಡಿಯೇಟರ್‌ಗೆ (ಫ್ಯಾನ್ ಕಟ್ಟಿದ, ತೆಳು ಲೋಹದ ರೆಕ್ಕೆಗಳ ಚೌಕಟ್ಟು) ಸಾಗಿಸುತ್ತದೆ. ಅಲ್ಲಿಂದ ಹೊರಗೆ ಒಯ್ಯುವುದು ಮತ್ತೆ ಕೋಣೆಯ ಗಾಳಿಯೇ. ಹಾಗಾಗಿ ಕೋಣೆ 32 ಡಿಗ್ರಿ ಇದ್ದರೆ ಎರಡರಲ್ಲಿ ಯಾವುದೂ ಅದಕ್ಕಿಂತ ಕೆಳಗೆ ಇಳಿಸಲಾರದು. ಕೋರ್ ಐ9-14900ಕೆ ತರಹ 253 ವಾಟ್ ನುಂಗುವ ಪ್ರಾಸೆಸರ್ ಆಗಿದ್ದರೆ 360 ಮಿ.ಮೀ. ರೇಡಿಯೇಟರ್‌ಗೆ ಅರ್ಥವಿತ್ತು. ಬಣ್ಣದ ದೀಪದ ಚಂದಕ್ಕೆ ಬೇಕೆಂದರೆ ಆ ಮಾತು ಬೇರೆ.

ಟವರ್ ಕೊಳ್ಳುವ ಮೊದಲು ಎತ್ತರ ನೋಡಿ. ಹೆಚ್ಚಿನವು 155ರಿಂದ 165 ಮಿ.ಮೀ. ಇರುತ್ತವೆ, ನಿಮ್ಮ ಕೇಸ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂಬುದು ಅದರ ವಿವರಗಳಲ್ಲಿ ಇರುತ್ತದೆ. ರ‍್ಯಾಮ್ ಪಟ್ಟಿ ಎತ್ತರದ್ದಾಗಿ ಫ್ಯಾನನ್ನು ಮೇಲೆ ಸರಿಸಬೇಕಾದರೆ ಅಷ್ಟೇ ಎತ್ತರ ಇನ್ನೂ ಕೂಡುತ್ತದೆ. ಇದನ್ನು ಮರೆತವರ ಕೇಸ್ ಬಾಗಿಲು ಮುಚ್ಚುವುದಿಲ್ಲ.

ಕೂರಿಸುವಾಗ ಈ ಪ್ರಾಸೆಸರ್ ಕೂರುವ ಎಎಂ5 ಮಾದರಿ ಮದರ್‌ಬೋರ್ಡ್‌ನ ಮುಂಭಾಗದ ಎರಡು ಪ್ಲಾಸ್ಟಿಕ್ ಪಟ್ಟಿ ಮಾತ್ರ ಬಿಚ್ಚಿ, ಹಿಂದಿನ ಲೋಹದ ತಟ್ಟೆ ಅಲ್ಲೇ ಇರಲಿ. ಕೂಲರ್ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತುಹಾಕಿ. ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ ನಡುವೆ ಇಟ್ಟು, ಸ್ಕ್ರೂಗಳನ್ನು ಎರಡೆರಡು ಸುತ್ತಿನಂತೆ ಸರದಿಯಲ್ಲಿ ಬಿಗಿಮಾಡಿ. ಒಂದನ್ನೇ ಮೊದಲು ಪೂರ್ತಿ ಬಿಗಿದರೆ ಕೂಲರ್ ಓರೆಯಾಗಿ ಕೂರುತ್ತದೆ. ಫ್ಯಾನ್ ತಂತಿ 'ಸಿಪಿಯು ಫ್ಯಾನ್' ಎಂದಿರುವ ಪಿನ್‌ಗಳಿಗೇ ಹೋಗಲಿ, ಗಾಳಿ ಕೇಸ್‌ನ ಹಿಂಬದಿಗೆ ಬೀಸಲಿ. ಕೆಲಸ ಕೊಟ್ಟ ಕೆಲವೇ ಸೆಕೆಂಡಿಗೆ 95 ಡಿಗ್ರಿ ಮುಟ್ಟಿದರೆ ಆ ಹಾಳೆ ಉಳಿದಿದೆ, ಇಲ್ಲವೇ ಕೂಲರ್ ಸರಿಯಾಗಿ ತಾಗಿಲ್ಲ. ಸುಟ್ಟುಹೋಗುವ ಭಯ ಬೇಡ, 95ರ ಹತ್ತಿರ ಪ್ರಾಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಪ್ರಶ್ನೆ: ಲಿಕ್ವಿಡ್ ಕೂಲರ್ ಗುಳುಗುಳು ಸದ್ದು ಮಾಡುತ್ತಿದೆ, ಉಷ್ಣತೆಯೂ ಏರಿದೆ. ರೇಡಿಯೇಟರ್ ಕೇಸ್‌ನ ತಳದಲ್ಲಿದೆ. ಏನು ಮಾಡಲಿ?

ಉತ್ತರ: ಜಾಗ ಬದಲಿಸಿ. ಒಳಗೆ ಉಳಿದ ಗಾಳಿ ಸದಾ ಅತಿ ಎತ್ತರದ ಜಾಗಕ್ಕೆ ಏರುತ್ತದೆ. ನಿಮ್ಮಲ್ಲಿ ಆ ಜಾಗ ಪ್ರಾಸೆಸರ್ ಮೇಲೆ ಕೂತು ನೀರು ಹರಿಸುವ ಪಂಪ್. ರೇಡಿಯೇಟರನ್ನು ಕೇಸ್‌ನ ಮೇಲ್ಭಾಗಕ್ಕೆ ಕಟ್ಟಿದರೆ ಗುಳ್ಳೆಗಳು ಅಲ್ಲಿಗೆ ಹೋಗಿ ನಿಲ್ಲುತ್ತವೆ. ಮುಂಭಾಗದಲ್ಲಿ ಕಟ್ಟುವುದಾದರೆ ಅದರ ತಲೆ ಪಂಪ್‌ಗಿಂತ ಮೇಲಿರಲಿ, ಉದ್ದ ಸಾಲುವುದಾದರೆ ಕೊಳವೆಗಳು ಕೆಳಗಿನಿಂದ ಬರಲಿ.

ಸದ್ದು ನಿಂತೂ ಬಿಸಿ ಇಳಿಯದಿದ್ದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್ ಪರದೆ) ಪಂಪ್‌ನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ನೋಡಿ. ಸೊನ್ನೆ ಇದ್ದರೆ ಮೊದಲು ತಂತಿ ಸರಿಯಾಗಿ ಕೂತಿದೆಯೇ ಪರೀಕ್ಷಿಸಿ. ಒಂದು ಕೊಳವೆ ತುಂಬಾ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ನೀರು ಹರಿಯುತ್ತಿಲ್ಲ. ಹಲವು ವರ್ಷ ಹಳೆಯದಾದರೆ ಕೊಳವೆಯ ಗೋಡೆಯ ಮೂಲಕವೇ ದ್ರವ ಸ್ವಲ್ಪ ಸ್ವಲ್ಪ ಆರಿಹೋಗಿರುತ್ತದೆ. ಮುಚ್ಚಿದ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ತುಂಬಿಸುವ ಬಾಯಿ ಇರುವುದಿಲ್ಲ. ಆಗ ಇಡೀ ಕೂಲರನ್ನೇ ಬದಲಿಸಬೇಕು.