ಪ್ರತಿ: ಬಿಳಿ ಮುಟ್ಟಿಗೆ ಯಾವ ಪರೀಕ್ಷೆ ಕೇಳಬೇಕು?

ಅಕ್ಕ, ಆರು ತಿಂಗಳಲ್ಲಿ ಮೂರು ಸಲ ಮೀನಿನ ವಾಸನೆಯ ಬಿಳಿ ಮುಟ್ಟು, ಮೂರು ಸಲವೂ ಪರೀಕ್ಷೆ ಮಾಡದೆ ಮಾತ್ರೆ ಕೊಟ್ಟರು ಅಂತ ಬರೆದಿದ್ದೀರಿ. ಓದಿ ಬೇಜಾರಾಯಿತು. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಪರೀಕ್ಷೆಯ ವಿಷಯ ಹೇಳುತ್ತೇನೆ.

ಬರೀ ಲಕ್ಷಣ ಕೇಳಿ ಇದರ ಕಾರಣ ಗುರುತಿಸುವುದು ಕಷ್ಟ. ಫಂಗಸ್ ಇದ್ದರೂ ಬಿಳಿ ಮುಟ್ಟು ಜಾಸ್ತಿಯಾಗುತ್ತದೆ, ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯೊಳಗಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವುದು) ಇದ್ದರೂ ಆಗುತ್ತದೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಪಿಎಚ್ ಪಟ್ಟಿ, ಅಂದರೆ ಹುಳಿ ಎಷ್ಟಿದೆ ಅಂತ ತೋರಿಸುವ ಕಾಗದ. ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೆಯ ಬ್ಯಾಕ್ಟೀರಿಯಾ ಚೆನ್ನಾಗಿದ್ದರೆ ಯೋನಿಯೊಳಗೆ ಮೊಸರಿನ ಹಾಗೆ ಹುಳಿ ಗುಣ ಇರುತ್ತದೆ. ಅವು ಕಡಿಮೆಯಾದರೆ ಹುಳಿ ತಗ್ಗಿ ಪಿಎಚ್ 4.5 ದಾಟುತ್ತದೆ. ಫಂಗಸ್‌ನಲ್ಲಿ ಸಾಮಾನ್ಯವಾಗಿ ದಾಟುವುದಿಲ್ಲ. ಆಮೇಲೆ ಸ್ರಾವಕ್ಕೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೀನಿನ ವಾಸನೆ ಬರುತ್ತದಾ ನೋಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ, ಬ್ಯಾಕ್ಟೀರಿಯಾ ಮೆತ್ತಿಕೊಂಡು ಅಂಚೇ ಕಾಣದ ಯೋನಿಯ ಜೀವಕೋಶ, ಅಂದರೆ ‘ಕ್ಲೂ ಸೆಲ್’ ಹುಡುಕುತ್ತಾರೆ. ನಾಲ್ಕನೆಯದು ತೆಳ್ಳಗಿನ, ಒಂದೇ ಹದದ ಸ್ರಾವ. ನಾಲ್ಕರಲ್ಲಿ ಮೂರು ಸಿಕ್ಕರೆ ವಜೈನೋಸಿಸ್. ಇದು ಆಮ್ಸೆಲ್ ಅನ್ನೋ ಸಂಶೋಧಕರ 1983ರ ಅಳತೆ.

ಇನ್ನೂ ಖಚಿತ ಬೇಕಂದರೆ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ನೋಡುವುದು) ಮಾಡಿಸಿ, ಅದರಲ್ಲಿ ಕಂಡ ಬ್ಯಾಕ್ಟೀರಿಯಾಗಳಿಗೆ ಕೊಡುವ ಅಂಕ ‘ನ್ಯೂಜೆಂಟ್ ಸ್ಕೋರ್’ ಕೇಳಿ. 7ರಿಂದ 10 ಬಂದರೆ ವಜೈನೋಸಿಸ್, 4ರಿಂದ 6 ನಡುವಿನ ಸ್ಥಿತಿ. ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಸುಮ್ನೆ ದುಡ್ಡು ಹಾಕಬೇಡಿ. ವಜೈನೋಸಿಸ್‌ನಲ್ಲಿ ಕಾಣುವ ಗಾರ್ಡ್ನೆರೆಲ್ಲಾ ಬ್ಯಾಕ್ಟೀರಿಯಾ ಆರೋಗ್ಯವಾಗಿರುವವರಲ್ಲೂ ಬೆಳೆಯುತ್ತದೆ, ಅದರಿಂದ ಏನೂ ತೀರ್ಮಾನ ಆಗಲ್ಲ.

ನೀವಿರುವ ಹರಿಹರದಿಂದ ದಾವಣಗೆರೆ ಹತ್ತಿರವೇ ಅಲ್ವಾ, ಅಲ್ಲಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಿ. ತಿಂಗಳ ಮುಟ್ಟಿನ ದಿನಗಳಲ್ಲಿ ಪರೀಕ್ಷೆ ಬೇಡ, ರಕ್ತದಿಂದ ಪಿಎಚ್ ಏರುತ್ತದೆ. ಹೊಸ ಮಾತ್ರೆ ಶುರು ಮಾಡುವ ಮೊದಲೇ ಹೋಗಿ. ಒಳಗೆ ಸೋಪು ಹಾಕಿ ತೊಳೆಯಬೇಡಿ. ಗರ್ಭಿಣಿಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.