ಹಾಡು ಆರಿಸುವ ಹಕ್ಕು ಯಾರದು?

ಮೇರಿಲ್ಯಾಂಡ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: ‘ಇಲ್ಲಿನ ಡಬ್ಲ್ಯುಎಚ್‌ಎಫ್‌ಎಸ್ ಎಂಬ ರಾಕ್ ಸ್ಟೇಷನ್ 2005ರಲ್ಲಿ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಸ್ಪ್ಯಾನಿಷ್ ಆಗಿಹೋಯಿತು. ವಲಸಿಗರ ಭಾಷೆ ಅದನ್ನು ನುಂಗಿಬಿಟ್ಟಿತು. ಬೆಂಗಳೂರಿನ ಎಫ್‌ಎಂಗಳಿಗೂ ಇದು ಪಾಠವಲ್ಲವೇ? ಆ ರಾಕ್ ಸ್ಟೇಷನ್ನಿನ ಹಳೇ ಕಾರ್ಯಕ್ರಮಗಳ ಕ್ಯಾಸೆಟ್‌ಗಳು ನನ್ನಲ್ಲಿವೆ, ಏನು ಮಾಡಲಿ?’

ಸಂಪಾದಕರ ಉತ್ತರ:

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಸ್ಪ್ಯಾನಿಷ್ ಭಾಷೆಯನ್ನು ಕಟಕಟೆಗೆ ಹತ್ತಿಸುವುದನ್ನು ನಾನು ಒಪ್ಪಲಾರೆ.

ಈ ಸ್ಟೇಷನ್ ಶುರುವಾದದ್ದು 1961ರಲ್ಲಿ, ವಾಷಿಂಗ್ಟನ್‌ಗೆ ಅಂಟಿಕೊಂಡಿರುವ ಬೆಥೆಸ್ಡಾದಲ್ಲಿ, ಎಫ್‌ಎಂ 102.3 ತರಂಗಾಂತರದಲ್ಲಿ. ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೊಗೆ ಅನುಮತಿ ಸಿಕ್ಕಿದ್ದೂ ಅದೇ ವರ್ಷ. ‘ಎಚ್‌ಎಫ್‌ಎಸ್’ ಅಂದರೆ ಹೈ ಫಿಡೆಲಿಟಿ ಸ್ಟೀರಿಯೊ. ಮೊದಮೊದಲು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್. ಆಗ ಕೇಳುಗರೆಲ್ಲ ಎಎಂ ಕಡೆಗಿದ್ದರು. ಎಫ್‌ಎಂ ಸೆಟ್ ಇದ್ದವರೇ ಕಡಿಮೆ, ಜಾಹೀರಾತು ಇನ್ನೂ ಕಡಿಮೆ. ಆ ಬಡತನವೇ ವರವಾಯಿತು. ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲವಾದ್ದರಿಂದ ಅರವತ್ತರ ದಶಕದ ಕೊನೆಗೆ ಮ್ಯಾನೇಜರ್ ಜೇಕ್ ಐನ್‌ಸ್ಟೀನ್ ಎಳೆಯರ ಕೈಗೆ ಮೈಕ್ ಕೊಟ್ಟರು.

ಆ ಕಾಲದ ‘ಫ್ರೀ ಫಾರ್ಮ್’ ರೇಡಿಯೊದಲ್ಲಿ ನಡೆಯುತ್ತಿದ್ದದ್ದು ಇಷ್ಟು: ನಿರೂಪಕರ ಮುಂದೆ ಎರಡು ಟರ್ನ್‌ಟೇಬಲ್, ಬೆನ್ನ ಹಿಂದೆ ಗೋಡೆ ತುಂಬ ಎಲ್‌ಪಿಗಳು. ಒಂದು ತಟ್ಟೆ ಹಾಡುತ್ತಿರುವಾಗ ಇನ್ನೊಂದರ ಮೇಲೆ ಮುಳ್ಳಿಟ್ಟು, ಹಾಡಿನ ಮೊದಲ ಸ್ವರ ಸಿಗುವವರೆಗೆ ಅದನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿ, ಅಲ್ಲೇ ತಡೆದು ಕಾಯುವುದು. ಬ್ಲೂಸ್ ಆದಮೇಲೆ ರೆಗೆ ಬರಬೇಕೋ ಬ್ಲೂಗ್ರಾಸ್ ಬರಬೇಕೋ ಎಂದು ಮೇಲಿನಿಂದ ಯಾರೂ ಪಟ್ಟಿ ಕಳಿಸುತ್ತಿರಲಿಲ್ಲ. ಅದೇ ಬೆಥೆಸ್ಡಾದ ರೆಡ್ ಫಾಕ್ಸ್ ಇನ್‌ನಲ್ಲಿ ಆಗ ಸೆಲ್ಡಮ್ ಸೀನ್ ತಂಡ ವಾರವಾರ ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತ ನುಡಿಸುತ್ತಿತ್ತು. ಊರಿನ ಸಂಗೀತ ಊರಿನ ರೇಡಿಯೊಗೆ ಅಷ್ಟು ಹತ್ತಿರದಲ್ಲಿತ್ತು. ನನ್ನ ಮಟ್ಟಿಗೆ ಈ ಸ್ಟೇಷನ್ನಿನ ಜೀವ ಇದ್ದದ್ದೇ ಇಲ್ಲಿ.

1983ರಲ್ಲಿ 102.3 ಕೈಬದಲಾಯಿತು. ಹೆಸರು ಅನಾಪೊಲಿಸ್‌ನ 99.1ಕ್ಕೆ, 50,000 ವಾಟ್‌ಗಳ ಪ್ರಸಾರಕ್ಕೆ ವಲಸೆ ಹೋಯಿತು. ಹಳೆಯ ತರಂಗಾಂತರವನ್ನು 1987ರಲ್ಲಿ ಕ್ಯಾಥಿ ಹ್ಯೂಸ್ ಅವರ ರೇಡಿಯೊ ಒನ್ ಕೊಂಡಿತು. ಮುಂದೆ ಅದು ಕಪ್ಪು ಕೇಳುಗರ ಅಚ್ಚುಮೆಚ್ಚಿನ ಆರ್ ಅಂಡ್ ಬಿ ಸ್ಟೇಷನ್ ಆಯಿತು. ಇತ್ತ 99.1ರಲ್ಲಿ ಆಲ್ಟರ್ನೇಟಿವ್ ರಾಕ್ ಬಂತು, ತೊಂಬತ್ತರ ದಶಕದಲ್ಲಿ ವಾಷಿಂಗ್ಟನ್‌ನ ಆರ್‌ಎಫ್‌ಕೆ ಸ್ಟೇಡಿಯಂ ತುಂಬುವ ಸಂಗೀತೋತ್ಸವಗಳೂ ಬಂದವು.

ನಿಜವಾದ ಪೆಟ್ಟು ಬಿದ್ದದ್ದು 1996ರ ಅಮೆರಿಕದ ದೂರಸಂಪರ್ಕ ಕಾಯ್ದೆಯಿಂದ. ಅದುವರೆಗೆ ಒಂದು ಕಂಪನಿ ದೇಶದಲ್ಲಿ ಇಂತಿಷ್ಟೇ ಸ್ಟೇಷನ್ ಇಟ್ಟುಕೊಳ್ಳಬಹುದೆಂಬ ಮಿತಿಯಿತ್ತು, ಅದು ಹೋಯಿತು. ದೊಡ್ಡ ನಗರವೊಂದರಲ್ಲೇ ಎಂಟರವರೆಗೆ ಹೊಂದಬಹುದಾಯಿತು. 2005ರ ಜನವರಿ 12ರಂದು ಹೀಗೆ ಹಲವು ಸ್ಟೇಷನ್‌ಗಳ ಒಡೆತನವಿದ್ದ ಇನ್ಫಿನಿಟಿ ಕಂಪನಿ 99.1ರಲ್ಲಿ ರಾಕ್ ನಿಲ್ಲಿಸಿ ‘ಎಲ್ ಜೋಲ್’ ಎಂಬ ಸ್ಪ್ಯಾನಿಷ್ ಸ್ಟೇಷನ್ ಶುರುಮಾಡಿದ್ದು ಕೇವಲ ಲೆಕ್ಕಾಚಾರ. ಆದರೆ ನಿಮ್ಮ ಮೇರಿಲ್ಯಾಂಡ್‌ನ ಲ್ಯಾಂಗ್ಲಿ ಪಾರ್ಕ್, ವೀಟನ್ ಕಡೆ ದುಡಿದು ಬದುಕುವ ಎಲ್ ಸಾಲ್ವಡಾರ್ ಮೂಲದವರಿಗೆ, ತಮ್ಮ ಭಾಷೆ ಅಷ್ಟು ಬಲವಾದ ಎಫ್‌ಎಂನಲ್ಲಿ ಕೇಳಿಸಿದ್ದು ಸಣ್ಣ ಸಂತೋಷವಲ್ಲ. ಪರಊರಿನಲ್ಲಿ ಕನ್ನಡ ಕೇಳಿಸಿದರೆ ಏನನ್ನಿಸುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಮುಂದಿನದನ್ನೂ ನೋಡಿ: ಅದೇ 99.1 ಸುದ್ದಿ ವಾಹಿನಿಗೆ ಬೇಕಾದಾಗ ಎಲ್ ಜೋಲ್ 107.9ಕ್ಕೆ ಹೋಗಬೇಕಾಯಿತು. 2015ರ ಕೊನೆಗೆ ಆ ಸುದ್ದಿಯೂ ಹೋಗಿ ಬ್ಲೂಮ್‌ಬರ್ಗ್‌ನ ವಾಣಿಜ್ಯ ವಾರ್ತೆ ಬಂತು. ಮನೆ ಮಾಲೀಕ ಬಾಡಿಗೆದಾರರನ್ನು ಬದಲಿಸುತ್ತಿದ್ದಾನೆ, ಅಷ್ಟೆ.

ಬೆಂಗಳೂರಿಗೆ ಬಂದರೆ, ದೇಶದ ಮೊದಲ ಖಾಸಗಿ ಎಫ್‌ಎಂ ಇಲ್ಲೇ 2001ರ ಜುಲೈನಲ್ಲಿ ಆರಂಭವಾಯಿತು. ತರಂಗಾಂತರಕ್ಕೆ ಹರಾಜಿನ ದುಬಾರಿ ಶುಲ್ಕ, ಸ್ವಂತ ಸುದ್ದಿ ಪ್ರಸಾರಕ್ಕೆ ನಿರ್ಬಂಧ. ಹೀಗಿರುವಾಗ ಎಲ್ಲರೂ ಅವೇ ಸಿನಿಮಾ ಹಾಡುಗಳಿಗೆ ಜೋತುಬೀಳುವುದು ಆಶ್ಚರ್ಯವಲ್ಲ. ಆ ಅಲೆಗಳಲ್ಲಿ ಕನ್ನಡ ಬೆಳೆದದ್ದು ನನಗೆ ಖುಷಿಯ ಸಂಗತಿ. ಆದರೆ ತತ್ವಪದವೊಂದನ್ನು ತಾನೇ ಆರಿಸಿ ಹಾಕಲು ನಮ್ಮ ಆರ್‌ಜೆಗೆ ಅವಕಾಶವಿದೆಯೇ? ನಾವು ಕೇಳಬೇಕಾದ ಪ್ರಶ್ನೆ ಇದು.

ನಿಮ್ಮ ಕ್ಯಾಸೆಟ್‌ಗಳನ್ನು ದಯವಿಟ್ಟು ಎಸೆಯಬೇಡಿ. ಮೇಲಿನ ಅಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ, ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗದು. ಬಿಸಿಲು ತಾಗದಂತೆ ಇಟ್ಟು, ನೆನಪಿದ್ದಷ್ಟು ತಾರೀಖು ಬರೆದು, ಡಿಜಿಟಲ್ ಪ್ರತಿ ಮಾಡಿಸಿ. ನಿಮ್ಮ ಹತ್ತಿರದ ಕಾಲೇಜ್ ಪಾರ್ಕ್‌ನಲ್ಲೇ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ, ಅಮೆರಿಕದ ಪ್ರಸಾರ ಇತಿಹಾಸದ ಗ್ರಂಥಾಲಯವಿದೆ. ಮೊದಲು ಅಲ್ಲಿ ವಿಚಾರಿಸಿ.