ಗುದದ್ವಾರದ ಜೋಲು ಚರ್ಮ ತೆಗೆಸಿದ ಮೇಲೆ ಮನೆಯಲ್ಲಿ ಆರೈಕೆ ಹೇಗೆ?

ಪ್ರಶ್ನೆ: ನನಗೆ 34 ವರ್ಷ. ಮನೆ ಕಾಪು ಸಮೀಪ. ಸುರತ್ಕಲ್‌ನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ಎರಡನೇ ಹೆರಿಗೆಯ ಹೊತ್ತಿಗೆ ಮೂಲವ್ಯಾಧಿ ಕಾಣಿಸಿಕೊಂಡಿತ್ತು. ಅದು ಕಡಿಮೆಯಾದ ಮೇಲೂ ಗುದದ್ವಾರದ ಅಂಚಿನಲ್ಲಿ ಜೋಲು ಚರ್ಮ ಉಳಿದು, ಶುಚಿ ಮಾಡಿಕೊಳ್ಳುವುದೇ ಕಷ್ಟವಾಗಿತ್ತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಅದನ್ನು ತೆಗೆಸಿ ಇಂದಿಗೆ ಐದು ದಿನ. ಗಾಯಕ್ಕೆ ಹೊಲಿಗೆ ಹಾಕಿಲ್ಲ, ಹಳದಿ ನೀರು ಒಸರುತ್ತಿದೆ. ಶೌಚಕ್ಕೆ ಹೋಗಲು ಹೆದರಿ ಬರೀ ಗಂಜಿತಿಳಿ ಕುಡಿಯುತ್ತಿದ್ದೇನೆ. ಎರಡು ದಿನದಿಂದ ಮಲವಿಸರ್ಜನೆ ಆಗಿಲ್ಲ. ಅತ್ತೆಯವರು ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಲು ಹೇಳುತ್ತಾರೆ, ಮೀನು ಮುಟ್ಟಬಾರದು ಎನ್ನುತ್ತಾರೆ. ಒಂದೂವರೆ ವರ್ಷದ ಮಗುವಿಗೆ ಇನ್ನೂ ಹಾಲುಣಿಸುತ್ತಿದ್ದೇನೆ. ಮಗುವನ್ನು ಎತ್ತಿಕೊಳ್ಳಬಹುದೇ? ಕೆಲಸಕ್ಕೆ ಯಾವಾಗ ಹೋಗಬಹುದು?

ಉತ್ತರ: ಮೊದಲು ಹೊಟ್ಟೆ ತುಂಬ ಊಟ ಮಾಡಿ. ಹಳದಿ ನೀರಿನ ವಿಚಾರಕ್ಕಿಂತ, ನೀವು ಗಂಜಿತಿಳಿಯಲ್ಲೇ ದಿನ ದೂಡುತ್ತಿರುವುದು ನನಗೆ ಹೆಚ್ಚು ಆತಂಕ ತಂದಿದೆ. ಊಟ ಬಿಟ್ಟರೆ ಮಲ ಉಂಟಾಗುವುದು ನಿಲ್ಲುವುದಿಲ್ಲ; ದೊಡ್ಡ ಕರುಳಿನಲ್ಲಿ ಕುಳಿತಷ್ಟು ಹೊತ್ತೂ ಅದರಲ್ಲಿರುವ ನೀರನ್ನು ಕರುಳು ಹೀರಿಕೊಳ್ಳುತ್ತಲೇ ಇರುತ್ತದೆ. ಮೂರು ನಾಲ್ಕು ದಿನ ತಡೆದಿಟ್ಟ ಮಲ ಕೊನೆಗೆ ಗಟ್ಟಿಯಾಗಿ ಹೊರಬರುವಾಗ, ಆಗತಾನೆ ಬೆಳೆಯುತ್ತಿರುವ ಎಳೆಯ ಚರ್ಮವನ್ನು ಸೀಳುತ್ತದೆ. ಆ ನೋವಿಗೆ ಗುದದ ಸ್ನಾಯು ಬಿಗಿದುಕೊಳ್ಳುತ್ತದೆ, ಮತ್ತೆ ಹೆದರಿಕೆಯಾಗುತ್ತದೆ, ಮತ್ತೆ ತಡೆಯುತ್ತೀರಿ. ಈ ಶಸ್ತ್ರಚಿಕಿತ್ಸೆಯ ನಂತರ ನನ್ನ ಬಳಿ ಅಳುತ್ತ ಬರುವವರಲ್ಲಿ ಹೆಚ್ಚಿನವರು ಈ ಸುಳಿಯಲ್ಲಿ ಸಿಕ್ಕಿದವರೇ. ಗಾಯ ಚೆನ್ನಾಗಿಯೇ ಇರುತ್ತದೆ, ಮಲ ಮಾತ್ರ ಕಲ್ಲಾಗಿರುತ್ತದೆ. ಮೃದುವಾದ ಮಲ ಗಾಯಕ್ಕೆ ತಾಗಿ ಹೋದರೆ ಸ್ವಲ್ಪ ಉರಿಯಾಗಬಹುದೇ ಹೊರತು ಹಾನಿಯೇನೂ ಆಗುವುದಿಲ್ಲ.

ಆಸ್ಪತ್ರೆಯಿಂದ ಮಲ ಮೃದುವಾಗಿಸುವ ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿರಬಹುದು. ವಯಸ್ಕರಿಗೆ ಸಾಮಾನ್ಯವಾಗಿ ರಾತ್ರಿ 15 ಮಿಲಿಲೀಟರ್‌ನಿಂದ ಆರಂಭಿಸುತ್ತೇವೆ. ಅದು ಕೆಲಸ ಮಾಡಲು ಒಂದರಿಂದ ಎರಡು ದಿನ ಹಿಡಿಯುವುದರಿಂದ, ಒಂದು ಸಲ ಕುಡಿದು ಪರಿಣಾಮವಾಗಲಿಲ್ಲವೆಂದು ಬಿಟ್ಟುಬಿಡಬೇಡಿ. ಇಸಬ್‌ಗೋಲ್ ಹೊಟ್ಟನ್ನು ಒಂದೆರಡು ಟೀ ಚಮಚದಷ್ಟು ಒಂದು ದೊಡ್ಡ ಲೋಟ ನೀರಿಗೆ ಹಾಕಿ, ಅದು ಅಂಟಾಗುವ ಮೊದಲೇ ಕುಡಿದು, ಮೇಲಿನಿಂದ ಇನ್ನೊಂದು ಲೋಟ ನೀರು ಕುಡಿಯಬೇಕು. ನೀರು ಕಡಿಮೆಯಾದರೆ ಇಸಬ್‌ಗೋಲೇ ಮಲಬದ್ಧತೆಗೆ ಕಾರಣವಾಗುತ್ತದೆ. ಹಾಲುಣಿಸುವ ತಾಯಂದಿರು ಈ ಎರಡನ್ನೂ ತೆಗೆದುಕೊಳ್ಳಬಹುದು. ನಾಳೆಯೂ ಮಲವಿಸರ್ಜನೆ ಆಗದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಗುದದ್ವಾರದೊಳಗೆ ಇಡುವ ಮಾತ್ರೆಯನ್ನಾಗಲೀ ಎನಿಮಾವನ್ನಾಗಲೀ ನೀವಾಗಿಯೇ ಬಳಸಬಾರದು. ಅದೇ ರೀತಿ ಮಲ ತೀರ ನೀರಾಗಿ ದಿನಕ್ಕೆ ನಾಲ್ಕೈದು ಸಲ ಹೋಗುವಂತಾದರೆ ಸಿರಪ್ಪಿನ ಪ್ರಮಾಣ ತಗ್ಗಿಸಬೇಕು, ಏಕೆಂದರೆ ಭೇದಿಯೂ ಗಾಯವನ್ನು ಕೆರಳಿಸುತ್ತದೆ.

ಊಟದ ವಿಚಾರದಲ್ಲಿ ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಬೇಕಾದದ್ದೆಲ್ಲ ಇದೆ. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಹೊಟ್ಟೆಗೆ ಹೋಗಬೇಕು. ಗಂಜಿತಿಳಿಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ಕೆಂಪು ಕುಚ್ಚಲಕ್ಕಿಯ ಗಂಜಿಯನ್ನು ಅಗುಳಿನ ಸಮೇತ ಉಣ್ಣಿ. ಜೊತೆಗೆ ಹೆಸರುಕಾಳಿನ ಪಲ್ಯ, ಬಸಳೆ ಕೊದ್ದೆಲ್, ಹರಿವೆ ಸೊಪ್ಪು, ಅಲಸಂಡೆ, ಬಾಳೆದಿಂಡು, ಇವುಗಳಲ್ಲಿ ಯಾವುದಾದರೂ ಎರಡು ಪ್ರತಿದಿನವೂ ಇರಲಿ. ಪಪ್ಪಾಯಿ ಒಳ್ಳೆಯದು. ಮೈದಾದ ಬನ್ಸ್, ಗೋಳಿಬಜೆಗಳನ್ನು ಗಾಯ ಮಾಯುವವರೆಗೆ ಬಿಡಿ. ದಿನಕ್ಕೆ ಎರಡೂವರೆ ಲೀಟರಿನಷ್ಟು ನೀರು, ಮಜ್ಜಿಗೆ ಸೇರಬೇಕು. ಹಾಲುಣಿಸುತ್ತಿರುವುದರಿಂದ ನಿಮಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು.

ಮೀನು ತಿಂದರೆ ಗಾಯ ಕೀವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದಕ್ಕೆ ಆಧಾರವಿಲ್ಲ. ಗಾಯ ತುಂಬಿಕೊಳ್ಳಲು ಪ್ರೋಟೀನ್ ಬೇಕು, ಬಂಗುಡೆ ಬೂತಾಯಿಗಳಲ್ಲಿ ಅದು ಧಾರಾಳವಾಗಿದೆ. ಮೀನಿಗಿಂತ ಅದರ ಮಸಾಲೆಯಲ್ಲಿರುವ ಮೆಣಸಿನ ಕಡೆಗೆ ಗಮನ ಕೊಡಿ. ಮೆಣಸಿನ ಖಾರದ ಅಂಶ ಪೂರ್ತಿ ಜೀರ್ಣವಾಗದೆ ಮಲದೊಂದಿಗೆ ಹೊರಬರುವಾಗ ಹಸಿ ಗಾಯದ ಮೇಲೆ ಉರಿಯುತ್ತದೆ. ಆದ್ದರಿಂದ ಪುಳಿಮುಂಚಿಯನ್ನು ಮೂರು ವಾರ ಮುಂದೂಡಿ, ಖಾರ ಕಡಿಮೆ ಹಾಕಿದ ತೆಂಗಿನಕಾಯಿ ಗಸಿ ಮಾಡಿಸಿಕೊಳ್ಳಿ. ಅತ್ತೆಯವರಿಗೂ ಇದನ್ನು ಹೀಗೆಯೇ ವಿವರಿಸಿದರೆ ಒಪ್ಪಿಯಾರು.

ಶೌಚಾಲಯದಲ್ಲಿ ಕುಳಿತುಕೊಳ್ಳುವ ಕ್ರಮವೂ ಮುಖ್ಯ. ಕಮೋಡ್ ಇದ್ದರೆ ಪಾದಗಳ ಕೆಳಗೆ ಒಂದು ಮಣೆಯನ್ನೋ ಗಿಡ್ಡ ಸ್ಟೂಲನ್ನೋ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲಿರುವಂತೆ ಕುಳಿತು ಸ್ವಲ್ಪ ಮುಂದಕ್ಕೆ ಬಾಗಿ. ಹೀಗೆ ಕುಳಿತಾಗ ಮಲದ ದಾರಿ ನೇರವಾಗುವುದರಿಂದ ಮುಕ್ಕಬೇಕಾಗುವುದಿಲ್ಲ. ಒತ್ತಡ ಬಂದ ಕೂಡಲೇ ಹೋಗಿ, ಐದು ನಿಮಿಷದೊಳಗೆ ಆಗದಿದ್ದರೆ ಎದ್ದು ಬನ್ನಿ, ಮೊಬೈಲನ್ನು ಹೊರಗೇ ಬಿಡಿ. ನೀರಿನಿಂದ ತೊಳೆಯುವ ನಮ್ಮ ರೂಢಿ ಕಾಗದದಿಂದ ಒರೆಸುವುದಕ್ಕಿಂತ ಗಾಯಕ್ಕೆ ಹಿತವಾದದ್ದು. ಆದರೆ ಪಿಚಕಾರಿಯಂತೆ ಹೊಡೆಯುವ ಜೆಟ್ ನಳ್ಳಿಯನ್ನು ನೇರವಾಗಿ ಗಾಯಕ್ಕೆ ಹಿಡಿಯಬಾರದು, ಚೊಂಬಿನಿಂದ ನಿಧಾನವಾಗಿ ಸುರಿದುಕೊಳ್ಳುವುದೇ ಸರಿ.

ಆಮೇಲೆ ಬಿಸಿನೀರಿನಲ್ಲಿ ಕುಳಿತುಕೊಳ್ಳುವುದು. ಆಸ್ಪತ್ರೆಯಲ್ಲಿ ಇದನ್ನು ಸಿಟ್ಜ್ ಬಾತ್ ಎಂದು ಹೇಳಿ ಚೀಟಿಯಲ್ಲಿ ಬರೆದು ಕಳಿಸುತ್ತಾರೆ, ವಿವರಿಸಲು ಬಿಡುವಿರುವುದಿಲ್ಲ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಸೊಂಟದ ಕೆಳಭಾಗ ಮುಳುಗುವಷ್ಟು ನೀರು ತುಂಬಿ, ಮೊಣಕೈ ಅದ್ದಿ ನೋಡಿ. ಮಗುವಿನ ಸ್ನಾನಕ್ಕೆ ನೋಡುವಷ್ಟೇ ಬೆಚ್ಚಗಿರಬೇಕು. ಹಂಡೆಯಿಂದ ಬಾಣಂತಿ ಸ್ನಾನಕ್ಕೆ ತೆಗೆದ ಸುಡುನೀರಿನ ನೆನಪಿನಲ್ಲಿ ಅಷ್ಟೇ ಬಿಸಿ ಮಾಡಿಕೊಂಡು, ಗಾಯದ ಸುತ್ತ ಬೊಬ್ಬೆ ಎಬ್ಬಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಮೂರು ಸಲ, ಅದರಲ್ಲೂ ಮಲವಿಸರ್ಜನೆಯಾದ ಕೂಡಲೇ ಕುಳಿತರೆ ಬಿಗಿದ ಸ್ನಾಯು ಸಡಿಲವಾಗಿ ನೋವು ಇಳಿಯುತ್ತದೆ. ಅರ್ಧ ಗಂಟೆ ಕುಳಿತರೆ ಆ ಜಾಗಕ್ಕೆ ರಕ್ತ ಇಳಿದು ಊತ ಬರುವುದರಿಂದ ಹೆಚ್ಚು ಹೊತ್ತು ಬೇಡ. ನೀರಿಗೆ ಡೆಟಾಲ್ ಆಗಲಿ ಸಾಬೂನಾಗಲಿ ಹಾಕಬೇಕಾಗಿಲ್ಲ, ಉಪ್ಪು ಕೂಡ ಕಡ್ಡಾಯವಲ್ಲ. ಮಳೆಗಾಲದಲ್ಲಿ ಬಾವಿಯ ನೀರು ಕದಡಿದ್ದರೆ ಕುದಿಸಿ ಆರಿಸಿ ಬಳಸಿ. ಎದ್ದ ಮೇಲೆ ಉಜ್ಜದೆ, ಮೆತ್ತಗಿನ ಹತ್ತಿ ಬಟ್ಟೆಯನ್ನು ಒತ್ತಿ ಒತ್ತಿ ನೀರು ಹೀರಿಸಿ, ಒಣಗಿದ ಗಾಜ್ ಬಟ್ಟೆಯನ್ನೋ ತೆಳ್ಳಗಿನ ಪ್ಯಾಡನ್ನೋ ಇಟ್ಟುಕೊಳ್ಳಿ. ಹೊರಗೆ ಬಟ್ಟೆ ಒಣಗದ ದಿನಗಳಲ್ಲಿ ಒಳ ಉಡುಪಿಗೆ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ಧರಿಸಬೇಕು. ನಮ್ಮ ಸೆಕೆಯ ಬೆವರಿಗೆ ಪ್ಯಾಡ್ ಬೇಗ ಒದ್ದೆಯಾಗುವುದರಿಂದ ಆಗಾಗ ಬದಲಾಯಿಸುತ್ತಿರಿ.

ಹಳದಿ ನೀರಿನ ಬಗ್ಗೆ ಹೇಳುವುದಾದರೆ, ಅದು ಗಾಯ ಮಾಯುತ್ತಿರುವ ಲಕ್ಷಣ. ಮಲ ತಾಗುವ ಜಾಗವನ್ನು ಬಿಗಿಯಾಗಿ ಹೊಲಿದರೆ ಒಳಗೆ ಸೋಂಕು ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಇರುವುದರಿಂದ, ತಳದಿಂದ ಮೇಲಕ್ಕೆ ತಾನಾಗಿಯೇ ತುಂಬಿಕೊಳ್ಳಲೆಂದು ಎಷ್ಟೋ ಸಲ ಬೇಕೆಂದೇ ತೆರೆದು ಬಿಡುತ್ತೇವೆ. ಗುದದ್ವಾರದ ಸುತ್ತ ರಕ್ತಸಂಚಾರ ಹೇರಳವಾಗಿದೆ. ಆದಕಾರಣವೇ ದಿನವೂ ಮಲ ತಾಗುವ ಜಾಗದಲ್ಲೂ ಗಾಯ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ, ಕೆಲವರಲ್ಲಿ ಆರು ವಾರಗಳಲ್ಲಿ, ಅಚ್ಚುಕಟ್ಟಾಗಿ ಮಾಯುತ್ತದೆ. ಅಲ್ಲಿಯವರೆಗೆ ತಿಳಿಹಳದಿ ನೀರು, ಶೌಚದ ಹೊತ್ತಿಗೆ ಒಂದೆರಡು ಹನಿ ರಕ್ತ, ಗಾಯದ ತಳದಲ್ಲಿ ಹಳದಿ ಪೊರೆ, ಇವೆಲ್ಲ ಸಹಜ. ಹೊಲಿಗೆ ಹಾಕಿಸಿಕೊಂಡವರಿಗೂ ಒಂದು ಮಾತು: ಒಂದೆರಡು ವಾರದಲ್ಲಿ ದಾರದ ತುಣುಕು ಉದುರಿದರೆ ಗಾಬರಿಯಾಗಬೇಡಿ, ಅದು ಕರಗುವ ದಾರ.

ಅರಿಶಿನದ ಎಣ್ಣೆಯನ್ನು ಹಸಿ ಗಾಯದ ಮೇಲೆ ಹಚ್ಚಬೇಡಿ. ಅಡುಗೆಮನೆಯ ಅರಿಶಿನ ಕ್ರಿಮಿರಹಿತವಲ್ಲ. ಅದರ ಬಣ್ಣಕ್ಕೆ ಗಾಯದ ನಿಜವಾದ ಬಣ್ಣವೂ ವೈದ್ಯರಿಗೆ ಕಾಣದೆ ಹೋಗುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ಆರು ಗಂಟೆಗಳ ಅಂತರ, 24 ಗಂಟೆಗಳಲ್ಲಿ 3 ಗ್ರಾಂ ಮೀರದಿರಲಿ. ಅಲ್ಸರ್, ಮೂತ್ರಪಿಂಡದ ತೊಂದರೆ, ಆಸ್ತಮಾ ಇಲ್ಲದವರು ವೈದ್ಯರನ್ನು ಕೇಳಿ ಊಟದ ನಂತರ ಐಬುಪ್ರೊಫೆನ್ ಸೇರಿಸಿಕೊಳ್ಳಬಹುದು. ಹಾಲುಣಿಸುವಾಗಲೂ ಇವೆರಡರಿಂದ ತೊಂದರೆಯಿಲ್ಲ. ಟ್ರಾಮಡಾಲ್, ಕೋಡೀನ್ ಬೆರೆತ ಮಾತ್ರೆಗಳನ್ನು ಮಾತ್ರ ನಿಮ್ಮ ಸ್ಥಿತಿಯಲ್ಲಿ ತೆಗೆದುಕೊಳ್ಳಲೇಬಾರದು. ಅವು ಮಲವನ್ನು ಗಟ್ಟಿ ಮಾಡುತ್ತವೆ, ಎದೆಹಾಲಿನ ಮೂಲಕ ಮಗುವಿಗೂ ತಲುಪುತ್ತವೆ.

ಮಗುವನ್ನು ನೆಲದಿಂದ ಎತ್ತುವಾಗ ಉಸಿರು ಬಿಗಿಹಿಡಿಯುವುದರಿಂದ ಗಾಯದ ಮೇಲೆ ಒತ್ತಡ ಬೀಳುತ್ತದೆ. ಎರಡು ವಾರ ನೀವು ಮಂಚದ ಮೇಲೆ ಒಂದು ಮಗ್ಗುಲಿಗೆ ಮಲಗಿ, ಮಗುವನ್ನು ಬೇರೆಯವರು ತಂದು ಪಕ್ಕದಲ್ಲಿ ಮಲಗಿಸಲಿ, ಮಲಗಿಯೇ ಹಾಲುಣಿಸಬಹುದು. ಕೊಡಪಾನದಲ್ಲಿ ನೀರು ಹೊರುವುದು, ಬಾವಿಯಿಂದ ಸೇದುವುದು ಅಷ್ಟು ದಿನ ಬೇಡ. ಇದಕ್ಕೆ ಮನೆಯವರ ಸಹಾಯ ಬೇಕು, ಸಹಾಯ ಕೇಳಬೇಕಾದರೆ ಆಗಿರುವುದೇನೆಂದು ಅವರಿಗೆ ತಿಳಿದಿರಬೇಕು. ನೀವು ಅತ್ತೆಯವರಿಗೆ ಹೇಳಿರುವುದು ಬಹಳ ಒಳ್ಳೆಯದಾಯಿತು. ಗಂಡನಿಗೂ ಹೇಳದೆ, ನೋವು ನುಂಗಿಕೊಂಡು ಮೂರನೇ ದಿನಕ್ಕೇ ಅಂಗಳ ಗುಡಿಸಿದ ಹೆಂಗಸರ ಸಂಕಟ ನನಗೆ ಗೊತ್ತಿದೆ. ಗಾಯ ಮಾಯುವವರೆಗೆ ದಾಂಪತ್ಯ ಸಂಪರ್ಕ, ಕೆರೆ ಮತ್ತು ಸಮುದ್ರದ ಸ್ನಾನ ಬೇಡ.

ಕುಳಿತು ಮಾಡುವ ಕೆಲಸಕ್ಕೆ ಹೆಚ್ಚಿನವರು ಒಂದು ವಾರದಲ್ಲಿ ಮರಳುತ್ತಾರೆ. ನಿಮಗೆ ಬಸ್ಸಿನ ಪ್ರಯಾಣವೂ ಇರುವುದರಿಂದ ಹತ್ತು ದಿನ ರಜೆ ಹಾಕುವುದು ಒಳಿತು. ನಡುವೆ ತೂತಿರುವ ಉಂಗುರದಾಕಾರದ ದಿಂಬಿನ ಮೇಲೆ ಕುಳಿತರೆ ಆ ಭಾಗ ಜೋತುಬಿದ್ದು ಊತ ಹೆಚ್ಚಬಹುದು. ಚಪ್ಪಟೆಯಾದ ಮೆತ್ತನೆಯ ದಿಂಬು ಸಾಕು. ಕಚೇರಿಯಲ್ಲಿ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಸ್ಕೂಟರನ್ನು ಎರಡು ವಾರ ಮುಟ್ಟಬೇಡಿ.

ಯಾವಾಗ ಕಾಯಬಾರದು ಎಂಬುದನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿಡಿ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಅಥವಾ ರಕ್ತದ ಗಡ್ಡೆ, ಹತ್ತು ನಿಮಿಷ ಬಟ್ಟೆ ಒತ್ತಿ ಹಿಡಿದರೂ ನಿಲ್ಲದ ಸ್ರಾವ, 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ಏರುತ್ತಿರುವುದು, ದುರ್ವಾಸನೆಯ ದಪ್ಪ ಕೀವು, ಆರೆಂಟು ಗಂಟೆಯಾದರೂ ಮೂತ್ರ ಬಾರದಿರುವುದು, ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ತೋರಿಸಬೇಕು. ದೊಡ್ಡ ರಕ್ತಸ್ರಾವ ಅಪರೂಪ, ಆದರೆ ಆಗುವುದಿದ್ದರೆ ಎಲ್ಲ ಸರಿಹೋಯಿತೆಂದು ಎಣಿಸುವ ಎರಡನೇ ವಾರದಲ್ಲೂ ಆಗಬಹುದು. ರಾತ್ರಿ ಹೊತ್ತು ಹೀಗಾದರೆ ಶಸ್ತ್ರಚಿಕಿತ್ಸೆಯಾದ ಮಂಗಳೂರಿಗೇ ಓಡಬೇಕೆಂದಿಲ್ಲ. ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಾಗಲಿ ತುರ್ತು ವಿಭಾಗವಿದೆ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಬಿಡುಗಡೆಯ ಚೀಟಿ ಕೈಯಲ್ಲಿರಲಿ.

ಪ್ರಶ್ನೆ: ನನಗೆ 61 ವರ್ಷ, ಮಂಗಳೂರಿನವನು. ಸಕ್ಕರೆ ಕಾಯಿಲೆಯಿದೆ, ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತೇನೆ. ಇದೇ ಶಸ್ತ್ರಚಿಕಿತ್ಸೆಯಾಗಿ ಮೂರು ವಾರವಾಯಿತು. ನೋವಿಲ್ಲ, ಆದರೆ ವಿಪರೀತ ತುರಿಕೆ. ಅಂಚಿನಲ್ಲಿ ಚರ್ಮ ಮತ್ತೆ ಉಬ್ಬಿದಂತೆ ಕಾಣುತ್ತದೆ. ಮೆಡಿಕಲ್ ಅಂಗಡಿಯವರು ಕೊಟ್ಟ ಕ್ರೀಮ್ ಹಚ್ಚುತ್ತಿದ್ದೇನೆ. ಜೋಲು ಚರ್ಮ ಮರಳಿ ಬಂದಿತೇ?

ಉತ್ತರ: ಮೂರೇ ವಾರದಲ್ಲಿ ಮರಳಿ ಬರುವುದಿಲ್ಲ. ಗಾಯದ ಅಂಚಿನ ಚರ್ಮದಲ್ಲಿ ನೀರು ತುಂಬಿ ಉಬ್ಬಿರುವುದು ಹಾಗೆ ಕಾಣುತ್ತದೆ, ಆರರಿಂದ ಎಂಟು ವಾರದಲ್ಲಿ ಇದರ ಬಹುಪಾಲು ಇಳಿದುಹೋಗುತ್ತದೆ. ಅಲ್ಲಿಯವರೆಗೆ ಕನ್ನಡಿ ಹಿಡಿದು ದಿನವೂ ನೋಡಿಕೊಂಡು ಚಿಂತಿಸುವುದರಿಂದ ಪ್ರಯೋಜನವಿಲ್ಲ.

ತುರಿಕೆ ಮಾತ್ರ ಉಪೇಕ್ಷಿಸುವಂಥದ್ದಲ್ಲ. ಮಾಯುವ ಗಾಯ ಸ್ವಲ್ಪ ತುರಿಸುತ್ತದೆ ನಿಜ, ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ನಮ್ಮ ಹವೆಯ ತೇವದಲ್ಲಿ ತೊಡೆಸಂದಿನಲ್ಲಿ ಶಿಲೀಂಧ್ರದ ಸೋಂಕು ಬಹುಬೇಗ ಹತ್ತುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ತುರಿಕೆಯ ಕ್ರೀಮ್‌ಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆಸಿದವು. ಹಚ್ಚಿದ ಎರಡು ದಿನ ಹಾಯೆನಿಸುತ್ತದೆ, ಒಳಗೊಳಗೇ ಸೋಂಕು ಹರಡುತ್ತದೆ, ಚರ್ಮ ತೆಳುವಾಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಆ ಕ್ರೀಮನ್ನು ಇಂದೇ ನಿಲ್ಲಿಸಿ, ಟ್ಯೂಬನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಸಾಬೂನು ಹಾಕಿ ಪದೇಪದೇ ತೊಳೆಯುವುದನ್ನೂ ಬಿಡಿ. ಚರ್ಮ ಪೂರ್ತಿ ಮುಚ್ಚಿದ ಮೇಲೆ ಒಣ ತುರಿಕೆಗೆ ವ್ಯಾಸಲೀನನ್ನು ತೆಳುವಾಗಿ ಸವರಬಹುದು. ಬರಿಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನು ಈ ವಾರವೇ ಪರೀಕ್ಷಿಸಿಕೊಳ್ಳಿ, ಅದು ಏರಿದ್ದರೆ ಯಾವ ಮುಲಾಮೂ ಗಾಯವನ್ನು ಮಾಯಿಸದು. ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಹೃದಯದ ವೈದ್ಯರು ಹೇಳಿದಂತೆಯೇ ಮುಂದುವರಿಯಲಿ.

ತೆಗೆದ ಚರ್ಮವನ್ನು ಸಾಮಾನ್ಯವಾಗಿ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಿರುತ್ತಾರೆ. ನೋವು ಹೋದ ಮೇಲೆ ಆ ವರದಿಯನ್ನು ತರಲು ಹೋಗದವರೇ ಹೆಚ್ಚು. ಹೋಗಿ ಪಡೆದುಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮೊದಲು ಮಲದಲ್ಲಿ ರಕ್ತ ಹೋಗುತ್ತಿದ್ದರೆ, ತೂಕ ಇಳಿದಿದ್ದರೆ, ಅಥವಾ ಮಲವಿಸರ್ಜನೆಯ ಕ್ರಮ ಇತ್ತೀಚೆಗೆ ಬದಲಾಗಿದ್ದರೆ, ಎಲ್ಲವೂ ಮೂಲವ್ಯಾಧಿಯದ್ದೇ ಎಂದುಕೊಂಡು ಸುಮ್ಮನಿರದೆ, ನಿಮ್ಮ ವಯಸ್ಸಿನಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಭಾಗ ನೋಡುವ ಪರೀಕ್ಷೆ) ಅಗತ್ಯವೇ ಎಂದು ಆ ವರದಿಯನ್ನು ಮುಂದಿಟ್ಟು ನಿಮ್ಮ ಶಸ್ತ್ರಚಿಕಿತ್ಸಕರನ್ನು ಕೇಳಿ.